ಮಣ್ಣು ಕದಲುವ ಮೊದಲು

ಮಾತು ಶುರು ಮಾಡುವ ಮೊದಲು ಈ ಮೇಜಿನ ಮೇಲೆ ಇರುವುದನ್ನು ನೋಡಿ. ಎರಡು ತಟ್ಟೆಗಳಿವೆ. ಎರಡರಲ್ಲೂ ಒಂದೇ ಗುಂಡಿಯಿಂದ ತೆಗೆದ ಮಣ್ಣಿದೆ. ಎರಡನ್ನೂ ಒಂದೇ ಅಳತೆಗೆ ಓರೆಯಾಗಿ ಇಟ್ಟಿದ್ದೇನೆ. ಒಂದರ ಮಣ್ಣು ಬೋಳು. ಇನ್ನೊಂದರ ಮೇಲೆ ಒಣಹುಲ್ಲು ಹರಡಿದ್ದೇನೆ, ಅಲ್ಲಲ್ಲಿ ಮಣ್ಣು ಇಣುಕುವಷ್ಟು ತೆಳ್ಳಗೆ. ಈಗ ಗಿಡಕ್ಕೆ ನೀರು ಹಾಕುವ ಕ್ಯಾನಿನಿಂದ ಎರಡಕ್ಕೂ ಒಂದೊಂದು ಲೀಟರ್ ನೀರು ಸುರಿಯುತ್ತೇನೆ. ಕೆಳಗಿಟ್ಟ ಗಾಜಿನ ಲೋಟಗಳನ್ನು ಗಮನಿಸಿ.

ಹಿಂದೆ ಕೂತವರಿಗೂ ಕಾಣುತ್ತಿದೆ ಅಲ್ವಾ? ಬೋಳು ತಟ್ಟೆಯಿಂದ ಬಂದದ್ದು ಬಗ್ಗಡ. ಲೋಟದ ಆಚೆ ಬೆರಳಿಟ್ಟರೆ ಬೆರಳು ಕಾಣುವುದಿಲ್ಲ. ಹುಲ್ಲಿನ ತಟ್ಟೆಯಿಂದ ಬಂದದ್ದು ತುಸು ಕಂದು ಬಣ್ಣದ ನೀರು, ಅದೂ ಕಡಿಮೆ. ಮಿಕ್ಕಿದ್ದು ಒಳಗೆ ಇಂಗಿದೆ. ಮಣ್ಣು ಒಂದೇ, ಓರೆ ಒಂದೇ, ನೀರೂ ಒಂದೇ. ಬೇರೆ ಇದ್ದದ್ದು ಒಂದು ಹಿಡಿ ಹುಲ್ಲು ಮಾತ್ರ. ಈ ಬಗ್ಗಡದ ಲೋಟವನ್ನು ಇಲ್ಲೇ ಬಿಡುತ್ತೇನೆ. ದಯವಿಟ್ಟು ಯಾರೂ ಮೇಜು ಅಲುಗಾಡಿಸಬೇಡಿ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಇದರ ಹತ್ತಿರ ಬರೋಣ.

ಕಟ್ಟಡದ ಕೆಲಸ ನಡೆಯುವಲ್ಲಿ ಮಣ್ಣು ಕೊಚ್ಚಿಹೋಗುವುದನ್ನು ತಡೆಯಬೇಕು ಅಂದ ಕೂಡಲೇ ನಾವೆಲ್ಲ ಸೈಟಿನ ಕೆಳ ಅಂಚಿಗೆ ಓಡುತ್ತೇವೆ. ಅಲ್ಲಿ ಬಟ್ಟೆಯ ಬೇಲಿ ಕಟ್ಟುತ್ತೇವೆ, ಮೂಟೆ ಜೋಡಿಸುತ್ತೇವೆ, ಗುಂಡಿ ತೋಡುತ್ತೇವೆ. ಅದೆಲ್ಲ ಬೇಕು. ಆದರೆ ಅದು ಎರಡನೇ ಕೆಲಸ. ಮೊದಲ ಕೆಲಸ ಮಣ್ಣನ್ನು ಇದ್ದಲ್ಲೇ ಇರುವಂತೆ ನೋಡಿಕೊಳ್ಳುವುದು. ಮಣ್ಣು ಒಮ್ಮೆ ನೀರಿಗೆ ಸೇರಿದರೆ ಅದನ್ನು ವಾಪಸ್ ಹಿಡಿಯುವುದು ಬಹಳ ಕಷ್ಟ. ಯಾಕೆ ಕಷ್ಟ ಅಂತ ಲೆಕ್ಕ ಸಮೇತ ತೋರಿಸುತ್ತೇನೆ.

ಮಳೆ ಹನಿಯಿಂದ ಶುರು ಮಾಡೋಣ. ಹರಿಯುವ ನೀರೇ ಮಣ್ಣನ್ನು ಕೀಳುತ್ತದೆ ಅಂತ ಬಹಳ ಜನ ಅಂದುಕೊಂಡಿರುತ್ತಾರೆ. ಹರಿಯುವ ನೀರು ಹೊತ್ತುಕೊಂಡು ಹೋಗುತ್ತದೆ, ನಿಜ. ಬೋಳು ನೆಲದಲ್ಲಿ ಕಣವನ್ನು ಮೊದಲು ಕಿತ್ತು ಸಡಿಲ ಮಾಡುವುದು ಮಾತ್ರ ಹನಿಯ ಏಟು. ಜೋರು ಮಳೆಯಲ್ಲಿ 5 ಮಿಲಿಮೀಟರ್ ಅಗಲದ ದಪ್ಪ ಹನಿ ನೆಲಕ್ಕೆ ಬಡಿಯುವಾಗ ಅದರ ವೇಗ ಸೆಕೆಂಡಿಗೆ ಸುಮಾರು 9 ಮೀಟರ್. ಅಂದರೆ ಗಂಟೆಗೆ 32 ಕಿಲೋಮೀಟರ್. ಆ ಹೊಡೆತಕ್ಕೆ ಮಣ್ಣಿನ ಕಣ ಅರ್ಧ ಮೀಟರ್ ಎತ್ತರಕ್ಕೂ ಚಿಮ್ಮಬಲ್ಲದು, ಒಂದು ಮೀಟರಿಗಿಂತ ಆಚೆಗೂ ಹಾರಬಲ್ಲದು. ಮಳೆ ನಿಂತ ಮೇಲೆ ಹೊಸ ಗೋಡೆಯ ಬುಡದಲ್ಲಿ ಕೆಸರಿನ ಚುಕ್ಕೆಗಳು ಕಾಣುತ್ತವೆ ಅಲ್ವಾ? ಆ ಚುಕ್ಕೆಗಳು ಎಷ್ಟು ಎತ್ತರದವರೆಗೆ ಇವೆ ಅಂತ ಒಮ್ಮೆ ಟೇಪು ಹಿಡಿದು ಅಳೆಯಿರಿ. ಹನಿ ಎಷ್ಟು ಕೆಲಸ ಮಾಡಿದೆ ಅಂತ ಗೊತ್ತಾಗುತ್ತದೆ.

ಹನಿ ಮಾಡುವ ಇನ್ನೊಂದು ಕೆಡುಕು ಕಣ್ಣಿಗೆ ಕಾಣುವುದಿಲ್ಲ. ಅದು ಮಣ್ಣಿನ ಹೆಂಟೆಗಳನ್ನು ಒಡೆದು ನುಣ್ಣಗೆ ಮಾಡುತ್ತದೆ. ಆ ನುಣುಪು ಪುಡಿ ಮೇಲ್ಮೈಯ ಸಣ್ಣ ಸಣ್ಣ ಸಂದುಗಳಲ್ಲಿ ಕೂತು ಮುಚ್ಚಿಬಿಡುತ್ತದೆ. ನೆಲದ ಮೇಲೆ ತೆಳ್ಳನೆ ಗಟ್ಟಿ ಪದರ ಬರುತ್ತದೆ. ಆಮೇಲೆ ಬಿದ್ದ ನೀರು ಇಂಗುವುದಿಲ್ಲ, ಹರಿಯುತ್ತದೆ. ಮೊದಲು ಹಾಳೆ ಹಾಸಿದ ಹಾಗೆ ತೆಳುವಾಗಿ ಹರಿಯುತ್ತದೆ. ಸ್ವಲ್ಪ ಕೆಳಗೆ ಬೆರಳಗಲದ ಗೀರುಗಳು ಬೀಳುತ್ತವೆ. ಗೀರುಗಳು ಒಂದಕ್ಕೊಂದು ಕೂಡಿ ಕೊರಕಲಾಗುತ್ತವೆ. ಗೀರನ್ನು ಹಾರೆ ಸಲಿಕೆ ಹಿಡಿದ ಒಬ್ಬ ಮನುಷ್ಯ ಒಂದು ಗಂಟೆಯಲ್ಲಿ ಮುಚ್ಚಬಹುದು. ಕೊರಕಲನ್ನು ಮುಚ್ಚಲು ಯಂತ್ರ ತರಿಸಬೇಕು. ಇವೆರಡರ ನಡುವೆ ಒಂದೇ ಒಂದು ಜೋರು ಮಳೆಯ ಅಂತರ ಇರಬಹುದು.

ಈಗ ಒಂದು ಸಣ್ಣ ಲೆಕ್ಕ. 1 ಹೆಕ್ಟೇರ್ ಸೈಟು ಅಂತ ಇಟ್ಟುಕೊಳ್ಳಿ. ಅದರ ಮೇಲಿಂದ ಬರೀ 1 ಮಿಲಿಮೀಟರ್ ದಪ್ಪದ ಮಣ್ಣು ಹೋಯಿತು. ಯಾರಿಗಾದರೂ ಕಾಣುತ್ತದಾ? ಇಲ್ಲ. ಸೂಪರ್‌ವೈಸರ್ ಬೆಳಿಗ್ಗೆ ಬಂದು ನೋಡಿ 'ಏನೂ ಆಗಿಲ್ಲ' ಅನ್ನುತ್ತಾನೆ. ಆದರೆ ಹೋದದ್ದು 10 ಘನ ಮೀಟರ್. ತೂಕದಲ್ಲಿ 13ರಿಂದ 15 ಟನ್. ಒಂದು ದೊಡ್ಡ ಟಿಪ್ಪರ್ ತುಂಬುವಷ್ಟು ಮಣ್ಣು ರಾತ್ರೋರಾತ್ರಿ ಹೊರಗೆ ಹೋಗಿದೆ. ಅದನ್ನೇ ಒಬ್ಬರು ಟಿಪ್ಪರಿನಲ್ಲಿ ತಂದು ಕೆಳಗಿನ ಹಳ್ಳಕ್ಕೆ ಸುರಿದಿದ್ದರೆ ನಾವು ಸುಮ್ನೆ ಬಿಡುತ್ತಿದ್ದೆವಾ? ನೀರು ಹೊತ್ತುಕೊಂಡು ಹೋಗಿ ಸುರಿದರೆ ಮಾತ್ರ ಯಾರಿಗೂ ಗೊತ್ತಾಗುವುದಿಲ್ಲ.

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಒಂದು ಹೋಲಿಕೆ ಕೊಡುತ್ತದೆ. ಕಟ್ಟಡದ ಸೈಟಿನಿಂದ ಹರಿದುಹೋಗುವ ಹೂಳು ಸಾಮಾನ್ಯವಾಗಿ ಹೊಲದಿಂದ ಹೋಗುವುದರ 10ರಿಂದ 20 ಪಟ್ಟು, ಕಾಡಿನಿಂದ ಹೋಗುವುದರ 1000ದಿಂದ 2000 ಪಟ್ಟು. ಮೊದಲ ಸಲ ಓದಿದಾಗ ನನಗೂ ಇದು ಜಾಸ್ತಿ ಅನ್ನಿಸಿತ್ತು. ನಾವು ಸೈಟಿನಲ್ಲಿ ಏನೇನು ಮಾಡುತ್ತೇವೆ ಅಂತ ಯೋಚಿಸಿದರೆ ಆಶ್ಚರ್ಯ ಇಲ್ಲ. ಬೇರು ಕಿತ್ತುಹಾಕುತ್ತೇವೆ. ಮೇಲ್ಮಣ್ಣು ಕೆರೆದು ತೆಗೆಯುತ್ತೇವೆ. ನೀರು ಇಂಗಿಸಿಕೊಳ್ಳುತ್ತಿದ್ದದ್ದು ಆ ಮೇಲ್ಮಣ್ಣೇ. ಮಿಕ್ಕ ನೆಲವನ್ನು ಭಾರದ ಯಂತ್ರಗಳು ಓಡಾಡಿ ಗಟ್ಟಿ ಮಾಡುತ್ತವೆ. ಇದ್ದ ಇಳಿಜಾರನ್ನು ಕತ್ತರಿಸಿ ಇನ್ನೂ ಕಡಿದು ಮಾಡುತ್ತೇವೆ. ಆಮೇಲೆ ಅದನ್ನೆಲ್ಲ ತಿಂಗಳುಗಟ್ಟಲೆ ಆಕಾಶಕ್ಕೆ ತೆರೆದು ಇಡುತ್ತೇವೆ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಗುಡ್ಡದ ಪಕ್ಕದ ಒಂದು ಸೈಟು ನನ್ನ ಕೈಗೆ ಬಂತು. ಸುಮಾರು 4 ಹೆಕ್ಟೇರ್. ಆ ವರ್ಷ ಕಟ್ಟಬೇಕಾಗಿದ್ದದ್ದು ಒಂದು ಮೂಲೆಯಲ್ಲಿ ಮಾತ್ರ. ಆದರೆ ಬುಲ್ಡೋಜರ್ ಹೇಗೂ ಬಂದಿದೆ, ಒಂದೇ ಸಲಕ್ಕೆ ಎಲ್ಲ ಬೋಳಿಸಿಬಿಡೋಣ ಅಂತ ತೀರ್ಮಾನ ಮಾಡಿದೆ. ಪೊದೆ, ಹುಲ್ಲು, ಮೇಲ್ಮಣ್ಣು ಎಲ್ಲ ಹೋಯಿತು. ಕೆಳ ಅಂಚಿನಲ್ಲಿ ಸಿಲ್ಟ್ ಫೆನ್ಸ್, ಅಂದರೆ ಹೂಳು ತಡೆಯುವ ಬಟ್ಟೆಯ ಬೇಲಿ ಕಟ್ಟಿಸಿದ್ದೆ, ನಕ್ಷೆಯಲ್ಲಿ ಗೆರೆ ಎಳೆದ ಕಡೆಯಲ್ಲೇ. ಮೂರನೇ ವಾರ ಒಂದು ರಾತ್ರಿ ಮಳೆ ಹೊಡೆಯಿತು. ಬೆಳಿಗ್ಗೆ ಹೋಗಿ ನೋಡಿದರೆ ಬೇಲಿ ಎರಡು ಕಡೆ ನೆಲಕ್ಕೆ ಮಲಗಿತ್ತು. ಇನ್ನೊಂದು ಕಡೆ ನೀರು ಅದರ ಬುಡದಲ್ಲೇ ತೂತು ಮಾಡಿಕೊಂಡು ಹೋಗಿತ್ತು. ಕೆಳಗೆ ಒಂದು ಸಣ್ಣ ಕೆರೆ. ಅದರಲ್ಲಿ ಒಬ್ಬರು ಮೀನು ಸಾಕುತ್ತಿದ್ದರು. ಕೆರೆ ಪೂರ್ತಿ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು.

ಅವರು ಜಗಳ ಆಡಲಿಲ್ಲ. 'ಇದು ಯಾವಾಗ ತಿಳಿಯಾಗುತ್ತದೆ?' ಅಂತ ಮಾತ್ರ ಕೇಳಿದರು. 'ಎರಡು ಮೂರು ದಿನ ಬಿಡಿ' ಅಂದೆ. ಅವರ ಸಮಾಧಾನಕ್ಕೆ ಹೇಳಿದ ಮಾತಲ್ಲ ಅದು. ನಾನೂ ಹಾಗೇ ನಂಬಿದ್ದೆ. ಮೂರು ವಾರವಾದರೂ ಆ ನೀರು ತಿಳಿಯಾಗಲಿಲ್ಲ. ಅಷ್ಟರಲ್ಲಿ ಇನ್ನೊಂದು ಮಳೆ ಬಂತು. ಆ ವರ್ಷ ಬಿಟ್ಟಿದ್ದ ಮರಿಗಳು ಉಳಿಯಲಿಲ್ಲ. ನಾನು ಯಾಕೆ ಅಷ್ಟು ತಪ್ಪಾಗಿ ಅಂದಾಜು ಮಾಡಿದೆ ಅನ್ನುವ ಪ್ರಶ್ನೆಯೇ ಮುಂದೆ ನನ್ನನ್ನು ಈ ವಿಷಯಕ್ಕೆ ಎಳೆದು ತಂದಿತು.

ಉತ್ತರ ಹಳೆಯದು. ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ ಅನ್ನುವ ವಿಜ್ಞಾನಿ 1851ರಲ್ಲೇ ಇದರ ಸೂತ್ರ ಕೊಟ್ಟಿದ್ದರು. ಸಣ್ಣ ಕಣ ನೀರಿನಲ್ಲಿ ಮುಳುಗುವ ವೇಗ ಅದರ ಅಗಲದ ವರ್ಗಕ್ಕೆ ತಕ್ಕಂತೆ ಇರುತ್ತದೆ. ಅಂದರೆ ಕಣದ ಅಗಲ ಹತ್ತರಲ್ಲಿ ಒಂದಾದರೆ ವೇಗ ನೂರರಲ್ಲಿ ಒಂದಾಗುತ್ತದೆ. ಇದನ್ನು 1 ಮೀಟರ್ ಆಳದ ನಿಂತ ನೀರಿಗೆ ಹಾಕಿ ನೋಡಿ. 0.1 ಮಿಲಿಮೀಟರಿನ ಸಣ್ಣ ಮರಳು ತಳ ಸೇರಲು ಸುಮಾರು 2 ನಿಮಿಷ ಸಾಕು. 0.01 ಮಿಲಿಮೀಟರಿನ ನುಣ್ಣನೆ ಹೂಳಿನ ಕಣಕ್ಕೆ 3 ಗಂಟೆ ಬೇಕು. 0.001 ಮಿಲಿಮೀಟರಿನ ಜೇಡಿ ಕಣಕ್ಕೆ ಸುಮಾರು 13 ದಿನ. ಅದೂ ನೀರು ಒಂಚೂರೂ ಅಲುಗಾಡದೆ ಇದ್ದರೆ. ಗಾಳಿ ಬೀಸಿದರೆ, ಮೀನು ಓಡಾಡಿದರೆ ಆ ಲೆಕ್ಕವೂ ತಪ್ಪುತ್ತದೆ. ಇನ್ನೂ ಸಣ್ಣ ಕಣಗಳು ಒಂದನ್ನೊಂದು ದೂರ ತಳ್ಳುತ್ತಾ ಎಷ್ಟೋ ಕಾಲ ತೇಲಿಕೊಂಡೇ ಇರುತ್ತವೆ.

ಈಗ ಲೋಟ ನೋಡಿ. ತಳದಲ್ಲಿ ಒಂದು ಬೆರಳಿನಷ್ಟು ಮರಳು ಕೂತಿದೆ. ಅದು ಆಗಲೇ, ನಾನು ಮಾತು ಶುರು ಮಾಡಿದ ಮೊದಲ ನಿಮಿಷದಲ್ಲೇ ಕೂತಿತು. ಮೇಲಿನ ನೀರು? ಇನ್ನೂ ಅದೇ ಬಣ್ಣ. ನಮ್ಮ ಬೇಲಿ, ಮೂಟೆ, ಗುಂಡಿ ಎಲ್ಲವೂ ಚೆನ್ನಾಗಿ ಹಿಡಿಯುವುದು ಈ ತಳದಲ್ಲಿರುವುದನ್ನು. ಮೇಲಿನದು ಅವುಗಳನ್ನೆಲ್ಲ ದಾಟಿಕೊಂಡು ಹೋಗುತ್ತದೆ. ಮೀನಿನ ಕಿವಿರಿಗೆ ಮೆತ್ತಿಕೊಳ್ಳುವುದು, ನೀರಿನ ಸಸ್ಯಕ್ಕೆ ಬಿಸಿಲು ಹೋಗದಂತೆ ಮಾಡುವುದು, ರಂಜಕವನ್ನು ಹೊತ್ತು ತಂದು ಪಾಚಿ ಬೆಳೆಸುವುದು ಹೆಚ್ಚಾಗಿ ಈ ನುಣ್ಣನೆಯ ಭಾಗವೇ. ತಳದ ಮರಳೂ ಸಾಧುವಲ್ಲ. ಅದು ಹಳ್ಳದ ಕಲ್ಲುಗಳ ಸಂದಿನಲ್ಲಿ ಕೂತು ಮೀನಿನ ಮೊಟ್ಟೆಗಳನ್ನು ಉಸಿರುಗಟ್ಟಿಸುತ್ತದೆ. ಚರಂಡಿಯಲ್ಲಿ ತುಂಬಿಕೊಂಡು ಮುಂದಿನ ಮಳೆಗೆ ರಸ್ತೆಯ ಮೇಲೆ ನೀರು ಬರುವ ಹಾಗೆ ಮಾಡುತ್ತದೆ.

ಹಾಗಾದರೆ ಏನು ಮಾಡಬೇಕು? ಯಂತ್ರ ಸೈಟಿಗೆ ಬರುವ ಮೊದಲೇ ಶುರುವಾಗಬೇಕಾದ ಕೆಲಸ ಒಂದಿದೆ. ಯಾವ ಭಾಗವನ್ನು ಯಾವಾಗ ಬೋಳಿಸಬೇಕು ಅನ್ನುವ ತೀರ್ಮಾನ. ಈ ತಿಂಗಳು ಎಲ್ಲಿ ಕೆಲಸ ಇದೆಯೋ ಅಲ್ಲಿ ಮಾತ್ರ ಹುಲ್ಲು ತೆಗೆಯಿರಿ. ಮಿಕ್ಕದ್ದು ಇದ್ದ ಹಾಗೇ ಇರಲಿ. ಹಾಗೆ ಬಿಟ್ಟ ಜಾಗದ ಸುತ್ತ ಹಗ್ಗ ಕಟ್ಟಿ, ಯಂತ್ರದವರಿಗೆ ತೋರಿಸಿ. ಹೇಳದಿದ್ದರೆ ಅವರು ವಾಹನ ತಿರುಗಿಸಲು ಅಲ್ಲೇ ಹೋಗುತ್ತಾರೆ, ಅದು ಅವರ ತಪ್ಪಲ್ಲ. ಹಳ್ಳದ ದಂಡೆಯ ಗಿಡಗಂಟೆಯನ್ನಂತೂ ಮುಟ್ಟಬೇಡಿ. ನೀವು ದುಡ್ಡು ಕೊಟ್ಟು ಕಟ್ಟುವ ಯಾವ ಬೇಲಿಗಿಂತಲೂ ಅಲ್ಲಿ ತಾನಾಗಿ ಬೆಳೆದ ಪೊದೆ ಮತ್ತು ಹುಲ್ಲಿನ ಪಟ್ಟಿ ಚೆನ್ನಾಗಿ ಕೆಲಸ ಮಾಡುತ್ತದೆ.

ಎರಡು ಹಂತಗಳ ನಡುವೆ ಕೆಲಸ ನಿಲ್ಲುವ ದಿನಗಳೇ ಹೆಚ್ಚು ಅಪಾಯದವು. ನೆಲ ಅಗೆದಾಗಿದೆ, ಸಾಮಾನು ಬಂದಿಲ್ಲ, ಯಾರೂ ಅತ್ತ ಹೋಗುವುದಿಲ್ಲ. 14 ದಿನ ಅಥವಾ ಅದಕ್ಕಿಂತ ಜಾಸ್ತಿ ಕೆಲಸ ನಿಲ್ಲುವ ಜಾಗವನ್ನು ಕೂಡಲೇ ಭದ್ರ ಮಾಡಲು ಶುರು ಮಾಡಬೇಕು ಅಂತ ಅಮೆರಿಕದ ನಿಯಮ ಹೇಳುತ್ತದೆ. ಒಳ್ಳೆಯ ನಿಯಮ. ಆದರೆ ಮಳೆ 14 ದಿನ ಕಾಯುವುದಿಲ್ಲ. ಮೋಡ ಕಟ್ಟುವ ಕಾಲದಲ್ಲಿ ನನ್ನ ಸೈಟುಗಳಲ್ಲಿ ಸಂಜೆಯ ಕೆಲಸ ಮುಗಿಸುವ ಮೊದಲು ಮಾರನೇ ದಿನ ಮುಟ್ಟದ ಇಳಿಜಾರನ್ನು ಮುಚ್ಚಿಸುತ್ತಿದ್ದೆ.

ಮುಚ್ಚುವುದಕ್ಕೆ ದೊಡ್ಡ ತಂತ್ರಜ್ಞಾನ ಬೇಕಿಲ್ಲ. ಒಣಹುಲ್ಲು ಹೆಕ್ಟೇರಿಗೆ 4ರಿಂದ 5 ಟನ್ ಹರಡಿದರೆ ನೆಲದ ಬಹುಪಾಲು ಮುಚ್ಚುತ್ತದೆ. ಅದನ್ನು ಸುಮ್ನೆ ಎಸೆದರೆ ಗಾಳಿಗೆ ಹಾರುತ್ತದೆ. ಸಲಿಕೆಯಿಂದಲೋ ಚಪ್ಪಟೆ ತಟ್ಟೆಯ ಯಂತ್ರದಿಂದಲೋ ಅಲ್ಲಲ್ಲಿ ಒತ್ತಿ ಮಣ್ಣಿಗೆ ಸಿಕ್ಕಿಸಬೇಕು. ಕಡಿದ ಪೊದೆಗಳನ್ನು ಚೂರು ಮಾಡಿದ ಸಿಪ್ಪೆ ಇದ್ದರೆ ಅದೂ ಆಗುತ್ತದೆ. ಕಡಿದಾದ ಇಳಿಜಾರಿಗೆ ತೆಂಗಿನ ನಾರಿನ ಅಥವಾ ಸೆಣಬಿನ ಜಾಲರಿ ಒಳ್ಳೆಯದು. ಸೆಣಬು ಬೇಗ ಕರಗುತ್ತದೆ, ತೆಂಗಿನ ನಾರು ಎರಡು ಮೂರು ವರ್ಷ ಬಾಳುತ್ತದೆ. ಅಷ್ಟರಲ್ಲಿ ಕೆಳಗಿನ ಹುಲ್ಲು ಬೇರು ಬಿಟ್ಟಿರುತ್ತದೆ. ಜಾಲರಿ ಹಾಕುವಾಗ ಒಂದು ಮಾತು ನೆನಪಿಡಿ. ಅದು ಮಣ್ಣಿಗೆ ಅಂಟಿಕೊಂಡೇ ಇರಬೇಕು. ಕೆಳಗೆ ಕಲ್ಲು, ಹೆಂಟೆ ಬಿಟ್ಟು ಮೇಲೆ ಹಾಸಿದರೆ ನೀರು ಅದರ ಅಡಿಯಲ್ಲಿ ಹರಿಯುತ್ತದೆ. ಮೇಲೆ ನೋಡಿದರೆ ಚಂದ, ಕೆಳಗೆ ಕೊರಕಲು. ಮೇಲಿನ ತುದಿಯನ್ನು ಸಣ್ಣ ಕಾಲುವೆ ತೋಡಿ ಹೂಳಬೇಕು. ಅದನ್ನು ಬಿಟ್ಟ ಕಡೆ ಜಾಲರಿ ಸುರುಳಿ ಸುತ್ತಿಕೊಂಡು ಕೆಳಗೆ ಬಂದದ್ದನ್ನು ಎಷ್ಟು ಸಲ ನೋಡಿದ್ದೇನೋ.

ಲಾವಂಚದ ಬಗ್ಗೆ ಹೇಳದಿದ್ದರೆ ಆಗುವುದಿಲ್ಲ. ಅದರ ಬೇರು ಅಗಲಕ್ಕೆ ಹರಡುವುದಿಲ್ಲ, ನೇರ ಕೆಳಗೆ ಇಳಿಯುತ್ತದೆ. ಅನುಕೂಲದ ಮಣ್ಣಿನಲ್ಲಿ ಒಂದೇ ವರ್ಷದಲ್ಲಿ 3 ಮೀಟರ್ ಆಳಕ್ಕೂ ಹೋಗಬಲ್ಲದು. ಇಳಿಜಾರಿಗೆ ಅಡ್ಡವಾಗಿ ಒತ್ತೊತ್ತಾಗಿ ಸಾಲು ನೆಟ್ಟರೆ ಮೇಲೆ ಗಟ್ಟಿ ಬೇಲಿ, ಕೆಳಗೆ ಗೂಟ ಹೊಡೆದ ಹಾಗೆ. ಆದರೆ ಅದು ಬೆಳೆಯಲು ತಿಂಗಳುಗಳು ಬೇಕು. ನೆಟ್ಟ ದಿನದಿಂದಲೇ ಕಾಪಾಡುತ್ತದೆ ಅಂತ ನಂಬಬೇಡಿ. ಬೇರು ಹಿಡಿಯುವವರೆಗೆ ಹುಲ್ಲಿನ ಹೊದಿಕೆ ಇರಲೇಬೇಕು.

ಇನ್ನು ಬುಲ್ಡೋಜರಿನ ವಿಷಯ. ಇದು ಖರ್ಚಿಲ್ಲದ ಕೆಲಸ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇಳಿಜಾರನ್ನು ಸಮ ಮಾಡಿದ ಮೇಲೆ ಅದು ನುಣ್ಣಗೆ ಕಾಣಬೇಕು ಅಂತ ಎಲ್ಲರಿಗೂ ಆಸೆ. ನುಣ್ಣಗಿದ್ದಷ್ಟೂ ನೀರಿಗೆ ಓಡಲು ಸಲೀಸು. ಒರಟಾಗಿ ಬಿಡಬೇಕು. ಬುಲ್ಡೋಜರಿನ ಚೈನಿಗೆ ಪಟ್ಟಿ ಪಟ್ಟಿಯಾಗಿ ಹಲ್ಲುಗಳಿರುತ್ತವೆ. ಅವು ಯಂತ್ರ ಹೋಗುವ ದಾರಿಗೆ ಅಡ್ಡವಾಗಿ ಗೆರೆ ಮೂಡಿಸುತ್ತವೆ. ಯಂತ್ರ ಇಳಿಜಾರಿನಲ್ಲಿ ಮೇಲೆ ಕೆಳಗೆ ಓಡಾಡಿದರೆ ಆ ಗೆರೆಗಳು ಇಳಿಜಾರಿಗೆ ಅಡ್ಡವಾಗಿ ಬೀಳುತ್ತವೆ. ಪ್ರತಿ ಗೆರೆಯೂ ಒಂದು ಪುಟ್ಟ ಬದು. ನೀರು ಅಲ್ಲಿ ತಂಗುತ್ತದೆ, ಬೀಜ ಅಲ್ಲಿ ಕೂರುತ್ತದೆ. ಅದೇ ಯಂತ್ರ ಇಳಿಜಾರಿಗೆ ಅಡ್ಡಡ್ಡ ಓಡಿದರೆ ಗೆರೆಗಳು ಮೇಲಿಂದ ಕೆಳಗೆ ಇಳಿಯುತ್ತವೆ. ಆಗ ನೀರಿಗೆ ನಾವೇ ಸಾವಿರ ಸಣ್ಣ ಕಾಲುವೆ ತೋಡಿಕೊಟ್ಟ ಹಾಗೆ. ಹೊರಗಿನವರಿಗೆ ಇದು ತಿರುವುಮುರುವು ಅನ್ನಿಸುತ್ತದೆ. ಅಡ್ಡ ಓಡಿಸಿದರೆ ತಾನೇ ಅಡ್ಡ ಗೆರೆ ಬರಬೇಕು ಅಂತ ಕೇಳುತ್ತಾರೆ. ಸೈಟಿಗೆ ಹೋಗಿ ಚೈನಿನ ಗುರುತು ನೋಡಿ, ಕೂಡಲೇ ಗೊತ್ತಾಗುತ್ತದೆ. ಒಂದು ಸಲ ತೋರಿಸಿಕೊಟ್ಟರೆ ಆಪರೇಟರುಗಳು ಮರೆಯುವುದಿಲ್ಲ.

ಹೊದಿಕೆಗೆ ನಾನು ಯಾಕೆ ಇಷ್ಟು ಒತ್ತು ಕೊಡುತ್ತೇನೆ ಅನ್ನುವುದಕ್ಕೆ ಇನ್ನೊಂದು ಲೆಕ್ಕವೂ ಇದೆ. ವಾಲ್ಟರ್ ವಿಷ್ಮೈಯರ್ ಮತ್ತು ಡ್ವೈಟ್ ಸ್ಮಿತ್ ಅನ್ನುವವರು ಹೊಲಗಳಲ್ಲಿ ಮಣ್ಣು ಎಷ್ಟು ಹೋಗುತ್ತದೆ ಅಂತ ಅಂದಾಜು ಮಾಡಲು ಒಂದು ಸಮೀಕರಣ ರೂಪಿಸಿದರು. ಅಮೆರಿಕದ ಕೃಷಿ ಇಲಾಖೆ ಅದನ್ನು 1965ರಲ್ಲಿ ಪ್ರಕಟಿಸಿತು, 1978ರಲ್ಲಿ ತಿದ್ದಿ ಮತ್ತೆ ತಂದಿತು. ಆಮೇಲೆ ಕಟ್ಟಡದ ಸೈಟುಗಳಿಗೂ ಅದನ್ನು ಬಳಸಲು ಶುರು ಮಾಡಿದರು. ಅದರಲ್ಲಿ ಮಳೆಯ ಬಿರುಸು, ಮಣ್ಣಿನ ಜಾತಿ, ಇಳಿಜಾರಿನ ಉದ್ದ ಮತ್ತು ಕಡಿದು, ಹೊದಿಕೆ, ಬದುಗಳಂಥ ತಡೆ, ಇವೆಲ್ಲ ಒಂದಕ್ಕೊಂದು ಗುಣಿಸಿಕೊಳ್ಳುತ್ತವೆ. ಗುಣಾಕಾರ ಅನ್ನುವುದನ್ನು ಗಮನಿಸಿ. ಮಳೆಯನ್ನು ನಾವು ಬದಲಿಸಲಾರೆವು. ಮಣ್ಣಿನ ಜಾತಿಯೂ ಹಾಗೇ. ಆದರೆ ಹೊದಿಕೆಯ ಅಂಕಿ ಬೋಳು ನೆಲಕ್ಕೆ 1 ಇದ್ದದ್ದು ಒಳ್ಳೆಯ ಹುಲ್ಲು ಹರಡಿದರೆ ಹೆಚ್ಚುಕಡಿಮೆ 0.1ಕ್ಕೆ ಇಳಿಯುತ್ತದೆ. ಅದೊಂದು ಅಂಕಿ ಹತ್ತರಲ್ಲಿ ಒಂದಾದರೆ ಒಟ್ಟು ಮಣ್ಣಿನ ನಷ್ಟವೂ ಹತ್ತರಲ್ಲಿ ಒಂದಾಗುತ್ತದೆ. ಬೇರೆ ಯಾವುದನ್ನೂ ಇಷ್ಟು ಸುಲಭವಾಗಿ ಇಷ್ಟು ಕೆಳಗೆ ಇಳಿಸಲು ಆಗುವುದಿಲ್ಲ.

ಹೊದಿಕೆ ಆಯಿತು. ಈಗ ನೀರಿನ ದಾರಿ. ಸೈಟಿನ ಮೇಲ್ಭಾಗದಿಂದ ಬರುವ ನೀರು ಶುದ್ಧವಾಗಿಯೇ ಇರುತ್ತದೆ. ಅದು ನಮ್ಮ ಬೋಳು ನೆಲದ ಮೇಲೆ ಹರಿದಾಗ ಕೆಡುತ್ತದೆ. ಆದ್ದರಿಂದ ಅದು ಒಳಗೆ ಬರದ ಹಾಗೆ ಮೇಲಂಚಿನಲ್ಲೇ ಒಂದು ಬದು ಮತ್ತು ಕಾಲುವೆ ಮಾಡಿ ಪಕ್ಕಕ್ಕೆ ತಿರುಗಿಸಿಬಿಡಿ. 1 ಹೆಕ್ಟೇರಿಗೆ 25 ಮಿಲಿಮೀಟರ್ ಮಳೆ ಬಿದ್ದರೆ ಅದು 250 ಘನ ಮೀಟರ್ ನೀರು, ಎರಡೂವರೆ ಲಕ್ಷ ಲೀಟರ್. ನಮ್ಮ ಸೈಟಿನ ಮೇಲೆ ಬಿದ್ದದ್ದನ್ನು ಸಂಭಾಳಿಸುವುದೇ ಸಾಕಷ್ಟಿದೆ. ಮೇಲಿನವರದ್ದನ್ನೂ ಯಾಕೆ ಕೆಡಿಸಬೇಕು?

ಉದ್ದ ಇಳಿಜಾರನ್ನು ತುಂಡು ಮಾಡಿ. ನಡುನಡುವೆ ಅಡ್ಡ ಮೆಟ್ಟಿಲೋ ಬದುವೋ ಇದ್ದರೆ ನೀರು ವೇಗ ಹಿಡಿಯುವುದಿಲ್ಲ. ಕಾಲುವೆಗಳಲ್ಲಿ ಕಲ್ಲಿನ ಚೆಕ್ ಡ್ಯಾಮ್ ಹಾಕುವಾಗ ಎರಡು ಅಳತೆ ಮುಖ್ಯ. ನಡುಭಾಗ ಅಂಚುಗಳಿಗಿಂತ ಕನಿಷ್ಠ 15 ಸೆಂಟಿಮೀಟರ್ ತಗ್ಗಿರಬೇಕು. ಇಲ್ಲದಿದ್ದರೆ ನೀರು ಪಕ್ಕದಿಂದ ಸುತ್ತಿಕೊಂಡು ದಂಡೆಯನ್ನೇ ಕೊರೆಯುತ್ತದೆ. ಕೆಳಗಿನ ಕಟ್ಟೆಯ ತಲೆ ಮೇಲಿನ ಕಟ್ಟೆಯ ಬುಡದ ಮಟ್ಟಕ್ಕೆ ಬರುವಷ್ಟು ದೂರದಲ್ಲಿ ಮುಂದಿನದು ಇರಬೇಕು. ಕಾಲುವೆ ಮುಗಿಯುವಲ್ಲಿ ದಪ್ಪ ಕಲ್ಲು ಹಾಸಿ. ಪೈಪಿನ ಬಾಯಿಂದ ಬಿದ್ದ ನೀರು ಬರೀ ಮಣ್ಣಿಗೆ ಬಿದ್ದರೆ ಅಲ್ಲಿ ಗುಂಡಿ ಖಂಡಿತ.

ಇಷ್ಟಾದ ಮೇಲೆ ಅಂಚಿಗೆ ಬರೋಣ. ಸಿಲ್ಟ್ ಫೆನ್ಸ್ ನೀರನ್ನು ಸೋಸುವ ಜರಡಿ ಅಂತ ತುಂಬ ಜನ ತಿಳಿದಿದ್ದಾರೆ. ಅದರ ತೂತುಗಳು ಬೇಗ ಕಟ್ಟಿಕೊಳ್ಳುತ್ತವೆ. ನಿಜವಾಗಿ ಅದು ಒಂದು ಪುಟ್ಟ ಅಣೆಕಟ್ಟು. ನೀರನ್ನು ನಿಲ್ಲಿಸುತ್ತದೆ, ನಿಂತ ನೀರಿನಿಂದ ಮರಳು ಕೆಳಗೆ ಕೂರುತ್ತದೆ. ಅಣೆಕಟ್ಟು ಅಂತ ನೋಡಿದರೆ ಎಲ್ಲ ನಿಯಮವೂ ತಾನಾಗಿ ಅರ್ಥವಾಗುತ್ತದೆ. ನೀರು ಒಂದೇ ಮಟ್ಟದಲ್ಲಿ ನಿಲ್ಲಬೇಕಾದರೆ ಬೇಲಿ ಕಾಂಟೂರ್ ಗೆರೆಯ ಮೇಲೆ, ಅಂದರೆ ನೆಲದ ಎತ್ತರ ಒಂದೇ ಇರುವ ಗೆರೆಯ ಮೇಲೆ ಇರಬೇಕು. ಇಳಿಜಾರಿನ ಉದ್ದಕ್ಕೆ ಕಟ್ಟಿದರೆ ಅದು ನೀರನ್ನು ಒಂದು ಮೂಲೆಗೆ ಸೇರಿಸುವ ಕಾಲುವೆಯಾಗುತ್ತದೆ. ತುದಿಗಳು ಮೇಲಕ್ಕೆ ಬಾಗಿರಬೇಕು, ಇಲ್ಲದಿದ್ದರೆ ನೀರು ಸುತ್ತಿಕೊಂಡು ಹೋಗುತ್ತದೆ. ಬಟ್ಟೆಯ ಬುಡವನ್ನು 15 ಸೆಂಟಿಮೀಟರ್ ಆಳದ ಕಾಲುವೆಯಲ್ಲಿ ಹೂತು ಮಣ್ಣು ತುಳಿದು ಗಟ್ಟಿ ಮಾಡಬೇಕು. ನನ್ನ ಕೆರೆಯ ಕಥೆಯಲ್ಲಿ ನೀರು ಬುಡದಲ್ಲಿ ನುಗ್ಗಿದ್ದು ಇದನ್ನು ಮಾಡದ್ದಕ್ಕೇ. ಗೂಟಗಳು ಕೆಳಬದಿಗೆ, ಬಟ್ಟೆ ಮೇಲ್ಬದಿಗೆ. ತಿರುಗಾಮುರುಗಾ ಮಾಡಿದರೆ ನೀರಿನ ಭಾರಕ್ಕೆ ಬಟ್ಟೆ ಕಿತ್ತು ಬರುತ್ತದೆ. 30 ಮೀಟರ್ ಬೇಲಿಗೆ ಮೇಲಿನ 0.1 ಹೆಕ್ಟೇರಿಗಿಂತ ಹೆಚ್ಚು ಜಾಗದ ನೀರು ಬರಬಾರದು. ನಾನು 4 ಹೆಕ್ಟೇರಿನ ನೀರನ್ನು ಒಂದು ಸಾಲು ಬೇಲಿಗೆ ಬಿಟ್ಟಿದ್ದೆ. ಹರಿಯುವ ಕಾಲುವೆಗೆ ಅಡ್ಡವಾಗಿ ಇದನ್ನು ಎಂದೂ ಕಟ್ಟಬೇಡಿ. ಹೂಳು ಬೇಲಿಯ ಮೂರನೇ ಒಂದು ಭಾಗದ ಎತ್ತರಕ್ಕೆ ಬಂದಾಗ ತೆಗೆಸಿ.

ಗೇಟಿನ ಬಳಿ ಜಲ್ಲಿ ಹಾಸುವುದು ಎಲ್ಲರಿಗೂ ಗೊತ್ತು. 5ರಿಂದ 7 ಸೆಂಟಿಮೀಟರ್ ಗಾತ್ರದ ಕಲ್ಲು, 15 ಸೆಂಟಿಮೀಟರ್ ದಪ್ಪ, 15 ಮೀಟರ್ ಉದ್ದ, ಅಡಿಯಲ್ಲಿ ಜಿಯೋಟೆಕ್ಸ್‌ಟೈಲ್ ಬಟ್ಟೆ. ಬಟ್ಟೆ ಇಲ್ಲದಿದ್ದರೆ ಒಂದೇ ವಾರದಲ್ಲಿ ಜಲ್ಲಿ ಕೆಸರಿನಲ್ಲಿ ಮುಳುಗುತ್ತದೆ. ಆದರೂ ರಸ್ತೆಗೆ ಕೆಸರು ಬಂದರೆ ಗುಡಿಸಿ, ತೊಳೆಯಬೇಡಿ. ತೊಳೆದರೆ ಅದು ಚರಂಡಿ ಸೇರುತ್ತದೆ.

ದೊಡ್ಡ ಸೈಟಿಗೆ ಹೂಳುಗುಂಡಿ ಬೇಕು. ಹೆಕ್ಟೇರಿಗೆ ಸುಮಾರು 250 ಘನ ಮೀಟರ್ ಅನ್ನುವುದು ಅಮೆರಿಕದಲ್ಲಿ ಬಳಕೆಯಲ್ಲಿರುವ ಅಳತೆ. ಆಗಲೇ ಹೇಳಿದ 25 ಮಿಲಿಮೀಟರ್ ಮಳೆಯ ಲೆಕ್ಕವೇ ಅದು. ಗುಂಡಿ ಅಗಲಕ್ಕಿಂತ ಕನಿಷ್ಠ ಎರಡು ಪಟ್ಟು ಉದ್ದ ಇರಲಿ. ನೀರು ಒಳಗೆ ಬರುವ ಬಾಯಿ ಒಂದು ತುದಿಗೆ, ಹೊರಗೆ ಹೋಗುವ ಬಾಯಿ ಇನ್ನೊಂದು ತುದಿಗೆ ಇರಲಿ. ಎರಡೂ ಹತ್ತಿರ ಇಟ್ಟರೆ ನೀರು ನೆಟ್ಟಗೆ ದಾಟಿಹೋಗುತ್ತದೆ, ಗುಂಡಿ ಇದ್ದೂ ಇಲ್ಲದ ಹಾಗೆ. ನೀರನ್ನು ತಳದಿಂದ ತೆಗೆಯಬೇಡಿ, ತೇಲುವ ಕೊಳವೆಯಿಂದ ಮೇಲ್ಪದರದ್ದನ್ನು ತೆಗೆಯಿರಿ. ಫೌಂಡೇಶನ್ ಗುಂಡಿಯಿಂದ ಪಂಪ್ ಮಾಡುವಾಗಲೂ ಇದೇ ಮಾತು. ಪಂಪಿನ ಬಾಯಿ ಕೆಸರಿನಲ್ಲಿ ಹೂತಿದ್ದರೆ ನೀವು ಹೂಳನ್ನೇ ಪಂಪ್ ಮಾಡುತ್ತಿದ್ದೀರಿ ಅಂತ ಅರ್ಥ.

ಜೇಡಿ ಜಾಸ್ತಿ ಇರುವ ಕಡೆ ಗುಂಡಿಯಲ್ಲೂ ನೀರು ತಿಳಿಯಾಗುವುದಿಲ್ಲ. ಆಗ ಪಟಿಕ, ಜಿಪ್ಸಮ್, ಪಾಲಿಅಕ್ರಿಲಮೈಡ್ ಅನ್ನುವ ಪಾಲಿಮರ್‌ನಂಥವು ಉಪಯೋಗಕ್ಕೆ ಬರುತ್ತವೆ. ಒಂದನ್ನೊಂದು ದೂರ ತಳ್ಳುವ ಕಣಗಳನ್ನು ಅವು ಗುಂಪು ಗೂಡಿಸುತ್ತವೆ. ಗುಂಪು ಭಾರವಾಗಿ ಮುಳುಗುತ್ತದೆ. ಆದರೆ ಇದರಲ್ಲಿ ಎಚ್ಚರ ಬೇಕು. ಪಟಿಕ ಜಾಸ್ತಿಯಾದರೆ ನೀರು ಆಮ್ಲೀಯವಾಗುತ್ತದೆ. ಧನ ವಿದ್ಯುದಂಶ ಇರುವ ಪಾಲಿಮರ್ ಮೀನಿನ ಕಿವಿರಿಗೆ ವಿಷ. ಋಣ ವಿದ್ಯುದಂಶದ್ದನ್ನು ಮಾತ್ರ, ನಿಮ್ಮದೇ ಸೈಟಿನ ಮಣ್ಣಿನಲ್ಲಿ ಪರೀಕ್ಷೆ ಮಾಡಿ, ಹೇಳಿದ ಅಳತೆಯಲ್ಲೇ ಹಾಕಬೇಕು. ಪಕ್ಕದ ಸೈಟಿನಲ್ಲಿ ಕೆಲಸ ಮಾಡಿದ್ದು ನಿಮ್ಮಲ್ಲಿ ಮಾಡದೆ ಇರಬಹುದು.

ಅಗೆದು ಗುಡ್ಡೆ ಹಾಕಿದ ಮಣ್ಣಿನ ಬಗ್ಗೆಯೂ ಒಂದು ಮಾತು. ಮೇಲ್ಮಣ್ಣನ್ನು ಬೇರೆಯಾಗಿ, ಎರಡು ಮೀಟರಿಗಿಂತ ಎತ್ತರ ಆಗದಂತೆ ಗುಡ್ಡೆ ಹಾಕಿ. ಅದರಲ್ಲಿ ಜೀವ ಇದೆ, ಬೀಜ ಇದೆ, ಕೊನೆಗೆ ಅದೇ ನಿಮ್ಮ ಇಳಿಜಾರನ್ನು ಹಸಿರು ಮಾಡುತ್ತದೆ. ಒಂದೆರಡು ಸೆಂಟಿಮೀಟರ್ ಮೇಲ್ಮಣ್ಣು ಆಗಲು ನೂರಾರು ವರ್ಷ ಬೇಕು. ಚರಂಡಿಯ ಪಕ್ಕ ಗುಡ್ಡೆ ಹಾಕಲೇಬೇಡಿ. ಗುಡ್ಡೆಯ ಬುಡಕ್ಕೆ ಬೇಲಿ, ಮೇಲೆ ಹೊದಿಕೆ.

ಇದೆಲ್ಲ ಕಟ್ಟಿದ ಮೇಲೆ ನೋಡಿಕೊಳ್ಳುವವರು ಒಬ್ಬರು ಬೇಕು, ಹೆಸರು ಹಿಡಿದು ಹೇಳುವ ಹಾಗೆ ಒಬ್ಬರು. ಎಲ್ಲರ ಜವಾಬ್ದಾರಿ ಅಂದರೆ ಯಾರೂ ನೋಡುವುದಿಲ್ಲ. ಅವರಿಗೆ ನಾನು ಕೊಡುವ ಸಲಹೆ, ಮಳೆ ನಿಂತ ಮೇಲಲ್ಲ, ಮಳೆ ಬರುವಾಗ ರೇನ್‌ಕೋಟ್ ಹಾಕಿಕೊಂಡು ಸೈಟು ಸುತ್ತಿ. ಸಿಡಿಲಿದ್ದರೆ ಬೇಡ, ಅಗೆದ ಅಂಚಿನ ಹತ್ತಿರ ಹೋಗಬೇಡಿ. ಮಿಕ್ಕಂತೆ ಹೋಗಿ. ನಕ್ಷೆಯಲ್ಲಿ ನೀರು ಎಡಕ್ಕೆ ಹರಿಯುತ್ತದೆ ಅಂತ ಇರುತ್ತದೆ. ಸೈಟಿನಲ್ಲಿ ಅದು ಟಿಪ್ಪರಿನ ಚಕ್ರದ ಗುರುತು ಹಿಡಿದು ಬಲಕ್ಕೆ ಹೋಗುತ್ತಿರುತ್ತದೆ. ಒಂದು ಮಳೆಯಲ್ಲಿ ಹತ್ತು ನಿಮಿಷ ನಿಂತು ನೋಡಿದರೆ ಸಿಗುವ ತಿಳಿವಳಿಕೆ ಹತ್ತು ನಕ್ಷೆಗಳಿಂದ ಸಿಗುವುದಿಲ್ಲ. ಕೈಯಲ್ಲಿ ಒಂದು ಸಲಿಕೆ ಇರಲಿ. ಎರಡು ಸಲಿಕೆ ಮಣ್ಣು ಸರಿಯಾದ ಜಾಗಕ್ಕೆ ಹಾಕಿದರೆ ಆ ರಾತ್ರಿಯ ಕೊರಕಲು ತಪ್ಪುತ್ತದೆ.

ಕೆಲಸ ಮುಗಿದ ಮೇಲೆ ಬೇಲಿಗಳನ್ನು ತೆಗೆಯುವ ಅವಸರ ಬೇಡ. ಆ ಜಾಗದಲ್ಲಿ ಸಹಜವಾಗಿ ಇರುತ್ತಿದ್ದ ಹಸಿರಿನ ನೂರಕ್ಕೆ 70 ಭಾಗವಾದರೂ ವಾಪಸ್ ಬರುವವರೆಗೆ ಅವು ಇರಲಿ. ಬಂದ ಮೇಲೆ ಮರೆಯದೆ ತೆಗೆಯಿರಿ, ಹಿಂದೆ ಕೂತ ಹೂಳನ್ನು ಮೊದಲು ಬಾಚಿ, ಆಮೇಲೆ ಬಟ್ಟೆ. ಬಟ್ಟೆ ಮೊದಲು ಕಿತ್ತರೆ ವರ್ಷವಿಡೀ ಹಿಡಿದಿಟ್ಟದ್ದೆಲ್ಲ ಮುಂದಿನ ಮಳೆಗೆ ಹೋಗುತ್ತದೆ.

ಲೋಟವನ್ನು ನಾನು ವಾಪಸ್ ತೆಗೆದುಕೊಂಡು ಹೋಗುತ್ತಿಲ್ಲ. ಇಲ್ಲೇ ಕಿಟಕಿಯ ಹತ್ತಿರ ಇಡಲು ಒಪ್ಪಿದ್ದಾರೆ. ನಾಳೆ, ನಾಡಿದ್ದು, ಮುಂದಿನ ವಾರ ಈ ಕಡೆ ಬಂದಾಗ ಅದರ ಆಚೆ ಬೆರಳಿಟ್ಟು ನೋಡಿ.